ಅವಳು ಒಪ್ಪಿದ್ದಾಳೆ ಎಂದರೆ ಏನರ್ಥ?

(ಮಹಿಳಾ ಸಲಹಾ ಕೇಂದ್ರಗಳ ಕಾರ್ಯಕರ್ತೆಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಿಬಿರದಲ್ಲಿ ಕಾನೂನಿನ ಬಗ್ಗೆ ಒಂದು ಗೋಷ್ಠಿ ಇದೆ. ಠಾಣೆಯಲ್ಲಿ ದೂರು ಬರೆಸುವುದು ಹೇಗೆ ಎಂಬ ಬಗ್ಗೆ ಇನ್ನೊಂದು ಇದೆ. ಇವೆರಡರ ನಡುವೆ ನನಗೆ ಕೊಟ್ಟಿರುವ ವಿಷಯ 'ನೀತಿ ಮತ್ತು ರಾಜಕೀಯ ತತ್ವಚಿಂತನೆಯ ಇಂದಿನ ಪ್ರಶ್ನೆಗಳು'. ಬೆಳಗಾದರೆ ಆಸ್ಪತ್ರೆ, ಠಾಣೆ, ಕೋರ್ಟು ಎಂದು ಓಡಾಡುವ ನಿಮಗೆ ಇದು ಊಟವಾದ ಮೇಲೆ ಕೂತು ಆಡುವ ಮಾತಿನಂತೆ ಕಂಡರೆ ತಪ್ಪಿಲ್ಲ. ಆದರೆ ನಿಮ್ಮ ಕೇಂದ್ರದ ಕಡತಗಳಲ್ಲೂ ತತ್ವಶಾಸ್ತ್ರದ ಪುಸ್ತಕಗಳಲ್ಲೂ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಆ ಪದ 'ಒಪ್ಪಿಗೆ'. ಇವತ್ತು ಆ ಒಂದು ಪದದ ಬಗ್ಗೆ ಮಾತ್ರ ಮಾತಾಡುತ್ತೇನೆ.

ವರದಕ್ಷಿಣೆಯ ಕೇಸಿನಲ್ಲಿ ಗಂಡಿನ ಕಡೆಯವರು ಮೊದಲು ಹೇಳುವುದೇನು? 'ನಾವೇನೂ ಕೇಳಲಿಲ್ಲ, ಅವರೇ ಒಪ್ಪಿ ಕೊಟ್ಟರು.' ಹೊಡೆತದ ಕೇಸಿನಲ್ಲಿ? 'ಇಷ್ಟು ವರ್ಷ ಸುಮ್ಮನೆ ಬಾಳ್ವೆ ಮಾಡಿದಳು, ಈಗ ಯಾರೋ ತಲೆ ಕೆಡಿಸಿದ್ದಾರೆ.' ಹಿರಿಯರು ಕೂತು ಪಂಚಾಯಿತಿ ಮಾಡಿದ ಮೇಲೆ? 'ಅವಳೇ ಒಪ್ಪಿ ರುಜು ಹಾಕಿ ಗಂಡನ ಜೊತೆ ಹೋದಳು.' ಮೂರು ಕಡೆಯೂ ಅವಳ ಒಪ್ಪಿಗೆಯೇ ಅವಳ ವಿರುದ್ಧ ಸಾಕ್ಷಿಯಾಗುತ್ತದೆ. ಆಮೇಲೆ ಅವಳು ಸತ್ತರೆ, ಸತ್ತವಳ ಒಪ್ಪಿಗೆಯ ಕಾಗದ ನಮ್ಮ ಕಡತದಲ್ಲಿ ಉಳಿದಿರುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು ಆರು ಸಾವಿರಕ್ಕೂ ಹೆಚ್ಚು. ಆದ್ದರಿಂದ ಈ ಪದದ ಅರ್ಥವನ್ನು ಬಿಡಿಸಿ ನೋಡುವುದು ನಮಗೆ ಕೆಲಸದ ಮಾತೇ.

ಮನೆ ನ್ಯಾಯದ ಹೊರಗಿದೆಯೇ?

ರಾಜನಿಗೆ ಆಳುವ ಹಕ್ಕು ದೇವರು ಕೊಟ್ಟದ್ದಲ್ಲ, ಪ್ರಜೆಗಳ ಒಪ್ಪಿಗೆಯಿಂದ ಬಂದದ್ದು ಎಂಬ ವಿಚಾರ ಯೂರೋಪಿನಲ್ಲಿ 17ನೇ ಶತಮಾನದಲ್ಲಿ ಬಲ ಪಡೆಯಿತು. ಅದನ್ನು ಗಟ್ಟಿಯಾಗಿ ಮಂಡಿಸಿದವನು ಇಂಗ್ಲೆಂಡಿನ ಜಾನ್ ಲಾಕ್. 1689ರಲ್ಲಿ ಪ್ರಕಟವಾದ ಅವನ ಗ್ರಂಥ ಇವತ್ತಿನ ಪ್ರಜಾಪ್ರಭುತ್ವಗಳ ಬೇರುಗಳಲ್ಲಿ ಒಂದು. ಆದರೆ ಅದೇ ಲಾಕ್ ಮನೆಯ ಬಾಗಿಲಿಗೆ ಬಂದಾಗ ದನಿ ಬದಲಿಸುತ್ತಾನೆ. ಗಂಡ ಹೆಂಡತಿಗೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ತೀರ್ಮಾನ ಗಂಡನದು, ಯಾಕೆಂದರೆ ಅವನು ಹೆಚ್ಚು ಸಮರ್ಥ, ಹೆಚ್ಚು ಬಲಶಾಲಿ ಎಂದು ಬರೆದ. ಅರಮನೆಯಲ್ಲಿ ಬಲವೇ ಹಕ್ಕಾಗಬಾರದು ಎಂದವನಿಗೆ ಅಡುಗೆಮನೆಯಲ್ಲಿ ಬಲವೇ ಹಕ್ಕಾಗಿ ಕಂಡಿತು. ಒಪ್ಪಂದದ ಈ ಎಲ್ಲ ಮಾತಿನ ಕೆಳಗೆ ಹೆಣ್ಣನ್ನು ಗಂಡಿನ ಅಧೀನಕ್ಕೆ ಒಪ್ಪಿಸುವ ಇನ್ನೊಂದು ಒಪ್ಪಂದ ಅಡಗಿದೆ ಎಂದು ಕ್ಯಾರೊಲ್ ಪೇಟ್‌ಮನ್ 1988ರ ತಮ್ಮ ಪುಸ್ತಕದಲ್ಲಿ ವಾದಿಸಿದರು.

ನಮ್ಮ ಕಾಲಕ್ಕೆ ಬರೋಣ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ನ್ಯಾಯದ ಬಗ್ಗೆ ದೊಡ್ಡ ಗ್ರಂಥ ಬರೆದರು. ಅವರ ಯೋಚನೆ ಸರಳವಾಗಿದೆ. ಸಮಾಜದ ನಿಯಮಗಳನ್ನು ಮಾಡಲು ನಾವೆಲ್ಲ ಕೂತಿದ್ದೇವೆ ಎಂದುಕೊಳ್ಳಿ. ಆದರೆ ನಮ್ಮ ಕಣ್ಣ ಮುಂದೆ ಒಂದು ಪರದೆ ಇದೆ. ನಾಳೆ ನಾನು ಬಡವಳೋ ಶ್ರೀಮಂತಳೋ, ಯಾವ ಕುಲದವಳೋ ನನಗೇ ಗೊತ್ತಿಲ್ಲ. ಆಗ ಯಾರ ಪಾಲಿಗೂ ತೀರಾ ಕೆಟ್ಟದಾಗದಂಥ ನಿಯಮವನ್ನೇ ಎಲ್ಲರೂ ಆರಿಸುತ್ತಾರೆ. ಅದೇ ನ್ಯಾಯ. ಈ ಯೋಚನೆ ಚೆನ್ನಾಗಿದೆ. ಆದರೆ ಪರದೆಯ ಹಿಂದೆ ಕೂತವರು ಯಾರು? ರಾಲ್ಸ್ ಅವರನ್ನು 'ಕುಟುಂಬದ ಯಜಮಾನರು' ಎಂದು ಕಲ್ಪಿಸಿದ್ದರು. ಇಲ್ಲಿ ತಕರಾರು ಎತ್ತಿದವರು ಸೂಸನ್ ಮೋಲರ್ ಓಕಿನ್. ಯಜಮಾನರೇ ಕೂತು ನ್ಯಾಯ ಮಾಡಿದರೆ ಮನೆಯೊಳಗಿನ ನ್ಯಾಯದ ಪ್ರಶ್ನೆ ಏಳುವುದೇ ಇಲ್ಲ, ನಾನು ಗಂಡೋ ಹೆಣ್ಣೋ ಎಂಬುದೂ ಪರದೆಯ ಹಿಂದೆ ಮರೆಯಾಗಬೇಕು, ಆಗ ಯಾರೂ ಇಂದಿನ ಮದುವೆಯ ನಿಯಮಗಳನ್ನು ಆರಿಸುವುದಿಲ್ಲ ಎಂದು ಅವರು 1989ರಲ್ಲಿ ಬರೆದರು. ನಮ್ಮ ಊರಿನ ಪಂಚಾಯಿತಿ ಕಟ್ಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಕೂತವರಲ್ಲಿ ಎಷ್ಟು ಜನ ನಾಳೆ ತಾವು ಸೊಸೆಯಾಗಬಹುದು ಎಂದು ಎಣಿಸಿ ಮಾತಾಡುತ್ತಾರೆ?

ಇದು ಪುಸ್ತಕದ ಜಗಳ ಮಾತ್ರ ಎಂದುಕೊಳ್ಳಬೇಡಿ. ಗಂಡನ ಮನೆಗೆ ವಾಪಸು ಹೋಗುವಂತೆ ಹೆಂಡತಿಗೆ ಕೋರ್ಟು ಆದೇಶ ಕೊಡಬಹುದೇ ಎಂಬ ಪ್ರಶ್ನೆ 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಮುಂದೆ ಬಂತು. ಅಂಥ ಆದೇಶ ಹೆಣ್ಣಿನ ಮೈಮೇಲಿನ ಹಕ್ಕನ್ನೇ ಕಸಿಯುತ್ತದೆ, ಅದು ಸಂವಿಧಾನಕ್ಕೆ ವಿರುದ್ಧ ಎಂದು ಆ ಕೋರ್ಟು ಹೇಳಿತು. ಅದೇ ವರ್ಷ ದೆಹಲಿ ಹೈಕೋರ್ಟು ಇದಕ್ಕೆ ತದ್ವಿರುದ್ಧವಾದ ತೀರ್ಪು ಕೊಟ್ಟಿತು. ಮನೆಯೊಳಗೆ ಸಂವಿಧಾನವನ್ನು ತರುವುದು ಪಿಂಗಾಣಿ ಅಂಗಡಿಗೆ ಗೂಳಿ ನುಗ್ಗಿಸಿದ ಹಾಗೆ ಎಂಬ ಹೋಲಿಕೆ ಆ ತೀರ್ಪಿನಲ್ಲಿದೆ. 1984ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಪಕ್ಷ ಹಿಡಿಯಿತು. ಪಿಂಗಾಣಿ ಒಡೆಯಬಾರದು ಎಂಬ ಕಾಳಜಿ ಸರಿಯೇ. ಆದರೆ ಮನೆಯೊಳಗೆ ಒಡೆಯುತ್ತಿದ್ದುದು ಪಿಂಗಾಣಿಯಲ್ಲ, ಹೆಣ್ಣಿನ ಮೂಳೆ. ಇದೇ 1983ರ ಕೊನೆಗೆ, ಬೀದಿಗಿಳಿದ ಮಹಿಳಾ ಚಳುವಳಿಯ ಒತ್ತಾಯದಿಂದ, ದಂಡಸಂಹಿತೆಗೆ 498ಎ ಕಲಮು ಸೇರಿತು. ಗಂಡನ ಮತ್ತು ಅವನ ಮನೆಯವರ ಕ್ರೌರ್ಯ ಮೊದಲ ಬಾರಿಗೆ ಅಪರಾಧದ ಪಟ್ಟಿಗೆ ಬಂತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಮುಗಳಾಗಿದೆ. 1986ರಲ್ಲಿ ಬಂದಿದ್ದ ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಮು.

ಒಂದು ಕೋಣೆಗೆ ಮಾತ್ರ ಕಾನೂನು ಇನ್ನೂ ಪೂರ್ತಿ ಕಾಲಿಟ್ಟಿಲ್ಲ. ಮದುವೆಯಾದ ದಿನವೇ ಹೆಂಡತಿ ಗಂಡನಿಗೆ ತನ್ನ ಮೈಯನ್ನು ಒಪ್ಪಿಸಿದ್ದಾಳೆ, ಆ ಒಪ್ಪಿಗೆಯನ್ನು ಅವಳು ಹಿಂದಕ್ಕೆ ಪಡೆಯುವಂತಿಲ್ಲ ಎಂದು 17ನೇ ಶತಮಾನದ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದಿಟ್ಟಿದ್ದ. ಇಂಗ್ಲೆಂಡು ಆ ಮಾತನ್ನು 1991ರಲ್ಲಿ ಬಿಟ್ಟಿತು. ನಾವು ಬಿಡಲಿಲ್ಲ. 18 ವರ್ಷ ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರ ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು 2023ರಲ್ಲಿ ಹೊಸ ಸಂಹಿತೆ ಬರೆದಾಗಲೂ ಉಳಿಸಿಕೊಂಡರು. ಗಂಡ ಎಂಬ ಕಾರಣಕ್ಕೆ ಅತ್ಯಾಚಾರದ ಆರೋಪದಿಂದ ಪಾರಾಗಲು ಸಾಧ್ಯವಿಲ್ಲ ಎಂದು ಕರ್ನಾಟಕ ಹೈಕೋರ್ಟು 2022ರ ಮಾರ್ಚಿಯಲ್ಲಿ ಹೇಳಿತ್ತು. ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಒಮ್ಮೆ ಕೊಟ್ಟರೆ ಸಾಯುವವರೆಗೆ ನಡೆಯುವ ಒಪ್ಪಿಗೆ ಬೇರೆ ಯಾವ ವ್ಯವಹಾರದಲ್ಲಾದರೂ ಇದೆಯೇ, ಯೋಚಿಸಿ ನೋಡಿ.

ಕೊಟ್ಟದ್ದು ಉಡುಗೊರೆಯೇ?

ವರದಕ್ಷಿಣೆ ನಮ್ಮ ಸನಾತನ ಪದ್ಧತಿ ಎಂದು ಹೇಳುವವರಿದ್ದಾರೆ. ಹಳೆಯ ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಹಿಂದೆ ಇದ್ದದ್ದು ತೆರ. ಗಂಡಿನ ಕಡೆಯವರೇ ಹೆಣ್ಣಿನ ಕಡೆಗೆ ಕೊಡಬೇಕಿತ್ತು. ಈ ಬಗ್ಗೆ ವಿವರವಾಗಿ ಬರೆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ಇಂದಿನ ವರದಕ್ಷಿಣೆಗೂ ಶಾಸ್ತ್ರದ ಕನ್ಯಾದಾನ, ಸ್ತ್ರೀಧನಗಳಿಗೂ ಗಂಟು ಹಾಕುವುದು ತಪ್ಪು, ಇದು ಓದು, ಸಂಬಳ, ನೌಕರಿ ಬಂದ ಮೇಲೆ ಬೆಳೆದ ಹೊಸ ವ್ಯಾಪಾರ ಎಂದು ತೋರಿಸಿದರು. ತೆರ ಹೋಗಿ ವರದಕ್ಷಿಣೆ ಬಂದಾಗ ಯಾವ ಹೆಣ್ಣೂ ಕೂತು ಒಪ್ಪಲಿಲ್ಲ.

1961ರ ವರದಕ್ಷಿಣೆ ನಿಷೇಧ ಕಾಯಿದೆ, 1984 ಮತ್ತು 1986ರ ತಿದ್ದುಪಡಿಗಳಿಂದ ಬಿಗಿಯಾಯಿತು. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಆದರೆ ಒಂದು ಬಾಗಿಲು ತೆರೆದೇ ಇದೆ. ಕೇಳದೆ ಕೊಟ್ಟ ಉಡುಗೊರೆ, ಪಟ್ಟಿಯಲ್ಲಿ ಬರೆದಿಟ್ಟರೆ, ಪದ್ಧತಿಯಂತಿದ್ದು ಕೊಡುವವರ ಶಕ್ತಿ ಮೀರದಿದ್ದರೆ, ಅಪರಾಧವಲ್ಲ. ಪಟ್ಟಿಯ ನಿಯಮ 1985ರಿಂದ ಇದೆ. ನೀವು ನೋಡಿದ ಮದುವೆಗಳಲ್ಲಿ ಎಷ್ಟರಲ್ಲಿ ಪಟ್ಟಿ ಬರೆದರು? ಪಟ್ಟಿ ಇಲ್ಲ, ಮಾತು ಮಾತ್ರ ಇದೆ. 'ನಿಮ್ಮ ಮಗಳಿಗೆ ನೀವು ಏನು ಹಾಕ್ತೀರೋ ಹಾಕಿ, ನಮ್ಮದೇನೂ ಬೇಡಿಕೆ ಇಲ್ಲ. ದೊಡ್ಡ ಮಗನಿಗೆ ಅವರ ಮಾವ ಕಾರು ಕೊಟ್ಟಿದ್ದಾರೆ, ಸುಮ್ಮನೆ ಹೇಳ್ದೆ.' ಇದು ಬೇಡಿಕೆಯೋ ಅಲ್ಲವೋ ಎಂದು ಕನ್ನಡ ಗೊತ್ತಿರುವ ಯಾರೂ ಕೇಳಬೇಕಾಗಿಲ್ಲ.

ಉಡುಗೊರೆಯನ್ನು ಗುರುತಿಸಲು ಒಂದೇ ಪರೀಕ್ಷೆ ಸಾಕು. ಕೊಡದಿದ್ದರೆ ಏನಾಗುತ್ತಿತ್ತು? ಅಣ್ಣ ಗೌರಿ ಹಬ್ಬಕ್ಕೆ ಸೀರೆ ತರದಿದ್ದರೆ ತಂಗಿ ಮುನಿಸಿಕೊಳ್ಳುತ್ತಾಳೆ, ಮರುವರ್ಷ ಸರಿಹೋಗುತ್ತದೆ. ಅದು ಉಡುಗೊರೆ. ಕೊಡದಿದ್ದರೆ ನಿಶ್ಚಿತಾರ್ಥ ಮುರಿಯುತ್ತದೆ, ಇಲ್ಲವೇ ಮದುವೆಯಾದ ಮೇಲೆ ಮಗಳ ಬೆನ್ನ ಮೇಲೆ ಬರೆ ಏಳುತ್ತದೆ ಎಂದಾದರೆ ಅದು ವಸೂಲಿ.

ಹಾಗಾದರೆ ಕೊಡುವ ಅಪ್ಪ ತಪ್ಪಿತಸ್ಥನೇ? ಈ ಪ್ರಶ್ನೆಯನ್ನು ನಮ್ಮ ಚಳುವಳಿಯಲ್ಲಿ ಬಹಳ ಸಲ ಚರ್ಚಿಸಿದ್ದೇವೆ. ಎಲ್ಲರೂ ಕೊಡುವಾಗ ನಾನೊಬ್ಬ ಕೊಡದಿದ್ದರೆ ನನ್ನ ಮಗಳು ಮನೆಯಲ್ಲೇ ಉಳಿಯುತ್ತಾಳೆ ಎಂಬುದು ಅವನ ಲೆಕ್ಕ. ಒಬ್ಬೊಬ್ಬನ ಲೆಕ್ಕವೂ ಅವನವನ ಮಟ್ಟಿಗೆ ಸರಿ, ಎಲ್ಲ ಸೇರಿದಾಗ ಎಲ್ಲರ ಕೊರಳಿಗೂ ಕುಣಿಕೆ. ಕಾನೂನು ಈ ಇಕ್ಕಟ್ಟನ್ನು ಸ್ವಲ್ಪ ಅರ್ಥ ಮಾಡಿಕೊಂಡಿದೆ. ಕಿರುಕುಳಕ್ಕೊಳಗಾದವರು ಕೊಟ್ಟ ಹೇಳಿಕೆಯನ್ನೇ ಆಧಾರ ಮಾಡಿಕೊಂಡು ಅವರ ಮೇಲೆ ಕೇಸು ಹಾಕುವಂತಿಲ್ಲ ಎಂದು 1986ರಲ್ಲಿ ಸೇರಿಸಿದರು. ನಿಮ್ಮ ಕೇಂದ್ರಕ್ಕೆ ಬರುವ ಅಪ್ಪ ಅಮ್ಮಂದಿರಿಗೆ ಇದನ್ನು ತಪ್ಪದೆ ಹೇಳಿ. ಆದರೆ ಭಯ ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. ಎರಡನೇ ಸಲ ಹಣ ಕೊಟ್ಟು ಮಗಳನ್ನು ಅದೇ ಮನೆಗೆ ಬಿಟ್ಟು ಬರುವ ಅಪ್ಪನಿಗೆ ನಾವು ಹೇಳಬೇಕಾದ ಮಾತೊಂದಿದೆ: 'ನೀವು ಅವಳ ಸುಖವನ್ನು ಕೊಂಡುಕೊಳ್ಳುತ್ತಿಲ್ಲ ಯಜಮಾನರೇ, ಹೊಡೆದರೆ ಹಣ ಬರುತ್ತದೆ ಎಂದು ಅವರಿಗೆ ಕಲಿಸುತ್ತಿದ್ದೀರಿ.'

ಏಟಿಗೂ ಒಪ್ಪಿಗೆ

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರಿಂದ 21ರವರೆಗೆ ಮನೆ ಮನೆಗೆ ಹೋಗಿ ಕೇಳಿದರು. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತೆಯರು ಕರ್ನಾಟಕದಲ್ಲಿ ನೂರಕ್ಕೆ 44. ಇಡೀ ದೇಶದಲ್ಲಿ ನಮ್ಮದೇ ಅತಿ ಹೆಚ್ಚು. ದೇಶದ ಸರಾಸರಿ 29. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಓದಿ ಹೇಳಿ, ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಒಂದಲ್ಲ ಒಂದು ಕಾರಣಕ್ಕೆ ಸರಿ ಎಂದ ಹೆಂಗಸರು ಕರ್ನಾಟಕದಲ್ಲಿ ನೂರಕ್ಕೆ 77ರಷ್ಟು. ಗಂಡಸರು 82ರಷ್ಟು.

ನೂರಕ್ಕೆ 77 ಹೆಂಗಸರು ಒಪ್ಪಿದ್ದಾರೆ. ಹಾಗಾದರೆ ನಾವು ಯಾರು ಬೇಡ ಎನ್ನಲು? ಇಂದಿನ ನೀತಿಚಿಂತನೆಯ ದೊಡ್ಡ ಪ್ರಶ್ನೆಗಳಲ್ಲಿ ಇದೂ ಒಂದು.

ಅಮರ್ತ್ಯ ಸೇನ್ ಇದಕ್ಕೆ ಬಂಗಾಳದ ಒಂದು ಉದಾಹರಣೆ ಕೊಡುತ್ತಾರೆ. 1943ರ ಭೀಕರ ಕ್ಷಾಮದ ಮರುವರ್ಷ ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ಆರೋಗ್ಯ ಸಮೀಕ್ಷೆ ನಡೆಯಿತು. ಹೆಂಡತಿ ಸತ್ತ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮಗೆ ಕಾಯಿಲೆ ಇದೆ, ಇಲ್ಲವೇ ಆರೋಗ್ಯ ಅಷ್ಟಕ್ಕಷ್ಟೆ ಎಂದರು. ವಿಧವೆಯರಲ್ಲಿ ಹಾಗೆ ಹೇಳಿದವರು ನೂರಕ್ಕೆ 2.5. ಬಂಗಾಳದ ವಿಧವೆಯರು ಗಂಡಸರಿಗಿಂತ ಗಟ್ಟಿಮುಟ್ಟಾಗಿದ್ದರೇ? ಇಲ್ಲ. ನನ್ನ ಆರೋಗ್ಯವೂ ಕೇಳಬೇಕಾದ ವಿಷಯ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಸಿಗದ ವಸ್ತುವನ್ನು ಬಯಸುವುದನ್ನೇ ಬಿಟ್ಟರೆ ನೋವು ಕಡಿಮೆ. ಹಾಗೆ ಮನಸ್ಸು ತನ್ನ ಆಸೆಯನ್ನು ಪಾತ್ರೆಯ ಅಳತೆಗೆ ಕುಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಜನ ತೃಪ್ತರೇ ಎಂದು ಕೇಳಿದರೆ ಸಾಲದು, ಅವರು ಏನು ಮಾಡಬಲ್ಲರು, ಏನಾಗಬಲ್ಲರು ಎಂದು ನೋಡಬೇಕು ಎನ್ನುತ್ತಾರೆ ಸೇನ್. ಮಾರ್ಥಾ ನುಸ್‌ಬಾಮ್ ಇದನ್ನೇ ಮುಂದುವರಿಸಿ ಹೆಣ್ಣುಮಕ್ಕಳ ಬದುಕಿನ ಬಗ್ಗೆ 2000ದಲ್ಲಿ ಒಂದು ಪುಸ್ತಕ ಬರೆದರು.

ಆದರೆ ಇಲ್ಲಿ ಇನ್ನೊಂದು ಅಪಾಯವಿದೆ, ಅದು ನಮ್ಮಂಥ ಓದಿದವರಿಗೆ ಬೇಗ ಅಂಟುತ್ತದೆ. 'ಪಾಪ, ಅವಳಿಗೇನೂ ತಿಳಿಯದು, ಅವಳ ಪರವಾಗಿ ನಾವೇ ನಿರ್ಧರಿಸೋಣ' ಎಂಬ ಧೋರಣೆ. ಉಮಾ ನಾರಾಯಣ್ 2002ರ ಒಂದು ಲೇಖನದಲ್ಲಿ ಇದನ್ನು ಪ್ರಶ್ನಿಸಿದರು. ಹಳೆಯ ದೆಹಲಿಯ ಪರದಾ ಹಾಕುವ ಹೆಂಗಸರನ್ನು ಉದಾಹರಿಸಿ, ಅವರು ಕಣ್ಣು ಮುಚ್ಚಿ ನಂಬಿದವರೂ ಅಲ್ಲ, ಬರೀ ಸೆರೆಯಾಳುಗಳೂ ಅಲ್ಲ, ಇರುವ ಕಟ್ಟಳೆಯ ಒಳಗೇ ಲಾಭ ನಷ್ಟ ತೂಗಿ ಚೌಕಾಸಿ ಮಾಡುವವರು ಎಂದರು. ಡೆನಿಜ್ ಕಂಡಿಯೋಟಿ 1988ರಲ್ಲೇ 'ಪಿತೃಪ್ರಧಾನತೆಯ ಜೊತೆ ಚೌಕಾಸಿ' ಎಂಬ ಮಾತನ್ನು ಬಳಕೆಗೆ ತಂದಿದ್ದರು. ಸೊಸೆಯಾಗಿ ಅನುಭವಿಸಿದ್ದು ಅತ್ತೆಯಾದಾಗ ಕೈಗೆ ಬರುವ ಅಧಿಕಾರದ ಆಸೆಯಲ್ಲಿ ಸಹ್ಯವಾಗುತ್ತದೆ ಎಂದು ಅವರು ತೋರಿಸಿದರು. ನಮ್ಮ ಮನೆಗಳ ಅತ್ತೆಯರನ್ನು ಬರೀ ಕೆಟ್ಟವರೆಂದು ಬಯ್ಯುವುದಕ್ಕಿಂತ ಈ ವಿವರಣೆ ನನಗೆ ಹೆಚ್ಚು ನಿಜವೆನಿಸುತ್ತದೆ.

ವಾಪಸು ಗಂಡನ ಮನೆಗೆ ಹೋಗುತ್ತೇನೆ ಎನ್ನುವ ಹೆಂಗಸನ್ನು ನೀವೆಲ್ಲ ಕಂಡಿದ್ದೀರಿ. ಯಾಕವ್ವ ಎಂದು ಕೇಳಿದರೆ ಅವಳು ಲೆಕ್ಕ ಹೇಳುತ್ತಾಳೆ. 'ಅಣ್ಣನ ಹೆಂಡತಿ ಎಷ್ಟು ದಿನ ಅಂತ ಇಟ್ಕೋತಾಳೆ ಅಕ್ಕಾ? ತಂಗಿಗೆ ಇನ್ನೂ ಮದುವೆ ಆಗಬೇಕು. ಮಗನ್ನ ಅವರು ಕಳಿಸಲ್ಲ. ಬಾಡಿಗೆ ಕಟ್ಟೋಕೆ ನನ್ನ ಹತ್ರ ಏನಿದೆ?' ಇದರಲ್ಲಿ ಒಂದು ವಾಕ್ಯವಾದರೂ ತಿಳಿಗೇಡಿಯ ಮಾತೇ? ಅವಳ ಬುದ್ಧಿಯಲ್ಲಿ ಕೊರತೆಯಿಲ್ಲ, ಅವಳ ಮುಂದಿರುವ ದಾರಿಗಳಲ್ಲಿದೆ. ಎರಡು ಕೆಟ್ಟದರಲ್ಲಿ ಒಂದನ್ನು ಅವಳು ಆರಿಸಿದ್ದಾಳೆ. ಆರಿಸಿದ್ದಾಳೆ ಎಂಬುದು ನಿಜ. ಅಷ್ಟರಿಂದ ಅದು ನ್ಯಾಯವಾಗುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿಯುವುದನ್ನು ನಾವು ಕಲಿಯಬೇಕು.

ಬೇಡ ಎನ್ನುವ ಶಕ್ತಿ

ಹಾಗಾದರೆ ಒಪ್ಪಿಗೆಗೆ ಬೆಲೆ ಬರುವುದು ಯಾವಾಗ? ಬೇಡ ಎಂದರೂ ಬದುಕಬಹುದು ಎಂದಿರುವಾಗ. ಸೇನ್ 1990ರ ಒಂದು ಪ್ರಬಂಧದಲ್ಲಿ ಮನೆಯನ್ನು ಸಹಕಾರ ಮತ್ತು ಸಂಘರ್ಷ ಎರಡೂ ಒಟ್ಟಿಗಿರುವ ಜಾಗ ಎಂದು ವಿವರಿಸಿದರು. ಮನೆ ಮುರಿದರೆ ಯಾರ ಗತಿ ಹೆಚ್ಚು ಕೆಡುತ್ತದೋ ಅವರೇ ಮನೆಯೊಳಗಿನ ಮಾತುಕತೆಯಲ್ಲಿ ಸೋಲುತ್ತಾರೆ. ಹೊರಗೆ ಹೋಗುವ ಬಾಗಿಲು ಇಲ್ಲದವಳ ಮಾತಿಗೆ ಒಳಗೂ ತೂಕವಿಲ್ಲ ಎಂದು ಓಕಿನ್ ಕೂಡ ಹೇಳಿದರು.

ಇದಕ್ಕೆ ಲೆಕ್ಕವೂ ಸಿಕ್ಕಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಸುಮಾರು 500 ವಿವಾಹಿತೆಯರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಜಮೀನೂ ಇಲ್ಲದ, ಮನೆಯೂ ಇಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ದೀರ್ಘಕಾಲ ದೈಹಿಕ ಹಿಂಸೆ ಅನುಭವಿಸಿದ್ದರು. ತಮ್ಮ ಹೆಸರಿನಲ್ಲಿ ಜಮೀನಿದ್ದವರಲ್ಲಿ 18, ಮನೆ ಇದ್ದವರಲ್ಲಿ 10, ಎರಡೂ ಇದ್ದವರಲ್ಲಿ 7. ಮನೆ ಅವಳ ಹೆಸರಿಗಿದ್ದರೆ ಹೊಡೆಯುವ ಕೈಗೂ ಒಂದು ಕ್ಷಣ ಯೋಚನೆ ಬರುತ್ತದೆ, ಹೊಡೆತ ಬಿದ್ದವಳಿಗೂ ಹೊರಟು ನಿಲ್ಲಲು ಒಂದು ಸೂರು ಇರುತ್ತದೆ.

ಇಲ್ಲಿ ವರದಕ್ಷಿಣೆಯ ನಿಜವಾದ ಮೋಸ ಬಯಲಾಗುತ್ತದೆ. ಅಪ್ಪ ಮದುವೆಗೆ ಸುರಿದ ಹಣ ಮಗಳ ಪಾಲು ಎಂದು ಎಲ್ಲರೂ ಹೇಳುತ್ತಾರೆ. ಆ ಹಣ ಅವಳ ಕೈಗೆ ಬರುವುದಿಲ್ಲ. ಆದರೆ ಅದೇ ನೆಪದಲ್ಲಿ ತವರಿನ ಆಸ್ತಿಯಲ್ಲಿ ಅವಳ ಹಕ್ಕು ಹೋಗುತ್ತದೆ. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಆ ಕಾನೂನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಅಣ್ಣಂದಿರು ತಂಗಿಯನ್ನು ಕರೆತಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದನ್ನು ನೀವು ನೋಡಿದ್ದೀರಿ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆಗೆ ಸರ್ಕಾರಿ ಮೊಹರು ಬೀಳುತ್ತದೆ. ಅವಳೇಕೆ ರುಜು ಹಾಕುತ್ತಾಳೆ? ನಾಳೆ ಗಂಡ ಹೊರಗಟ್ಟಿದರೆ ಅಣ್ಣನ ಬಾಗಿಲು ತೆರೆದಿರಲಿ ಎಂದು. ಬಾಗಿಲು ತೆರೆದಿರಲೆಂದು ಮನೆಯನ್ನೇ ಬಿಟ್ಟುಕೊಡುತ್ತಾಳೆ. ಆ ರುಜುವನ್ನೂ ನಾವು ಒಪ್ಪಿಗೆ ಎಂದೇ ಕರೆಯುತ್ತೇವೆ.

2005ರ ಕೌಟುಂಬಿಕ ಹಿಂಸೆ ಕಾಯಿದೆಯ 17ನೇ ಕಲಮು ಮುಖ್ಯವಾಗುವುದು ಈ ಕಾರಣಕ್ಕೆ. ಮನೆ ಯಾರ ಹೆಸರಿಗಿದ್ದರೂ ಅವಳು ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಎನ್ನುತ್ತದೆ ಅದು. ಮಾವನ ಹೆಸರಿನ ಮನೆಗೆ ಇದು ಅನ್ವಯಿಸದು ಎಂಬಂತೆ 2006ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2020ರಲ್ಲಿ ಅದೇ ಕೋರ್ಟು ಆ ತೀರ್ಪು ಸರಿಯಲ್ಲ ಎಂದು ತಿದ್ದಿತು. 2006ರ ತೀರ್ಪನ್ನು ಹಿಡಿದು ಬರುವ ವಕೀಲರಿಗೆ ನೀವು 2020ರದ್ದನ್ನು ತೋರಿಸಿ.

ಪ್ರೀತಿ ಇರುವಲ್ಲಿ ನ್ಯಾಯ ಯಾಕೆ?

ನಮ್ಮ ಮೇಲಿರುವ ಒಂದು ಗಂಭೀರ ಆಕ್ಷೇಪಣೆಗೆ ಉತ್ತರ ಕೊಡಬೇಕು. 'ಸಂಸಾರವೆಂದರೆ ಹಕ್ಕುಬಾಧ್ಯತೆಯ ಲೆಕ್ಕವೇ? ಅಲ್ಲಿ ಪ್ರೀತಿ, ತ್ಯಾಗ, ಹೊಂದಾಣಿಕೆ ಇರಬೇಕು. ನೀವು ನ್ಯಾಯ ನ್ಯಾಯ ಎಂದು ಮನೆ ಒಡೆಯುತ್ತೀರಿ.' ನಮ್ಮ ಹಿರಿಯರು ಹೇಳುವ ಈ ಮಾತನ್ನೇ ಮೈಕೆಲ್ ಸ್ಯಾಂಡೆಲ್ 1982ರಲ್ಲಿ ತತ್ವಶಾಸ್ತ್ರದ ಭಾಷೆಯಲ್ಲಿ ಬರೆದರು. ಒಳ್ಳೆಯ ಕುಟುಂಬದಲ್ಲಿ ಪ್ರೀತಿಯೇ ಎಲ್ಲವನ್ನೂ ನಡೆಸುತ್ತದೆ, ನ್ಯಾಯದ ಮಾತು ಶುರುವಾಯಿತೆಂದರೆ ಅಲ್ಲಿ ಏನೋ ಕೆಟ್ಟಿದೆ ಎಂದರ್ಥ ಎಂಬುದು ಅವರ ವಾದದ ತಿರುಳು.

ಇದನ್ನು ತಳ್ಳಿಹಾಕಬೇಕಾಗಿಲ್ಲ. ಪ್ರೀತಿ ನ್ಯಾಯಕ್ಕಿಂತ ದೊಡ್ಡದು ಎಂದೇ ಒಪ್ಪೋಣ. ಆದರೆ ದೊಡ್ಡದು ನಿಲ್ಲಬೇಕಾದರೆ ಅದರ ಕೆಳಗೆ ಅಡಿಪಾಯ ಬೇಕು. ನನ್ನದಾಗಿರುವುದನ್ನು ಮಾತ್ರ ನಾನು ಪ್ರೀತಿಯಿಂದ ಕೊಡಬಲ್ಲೆ. ತುತ್ತು ನನ್ನದಾಗಿದ್ದರೆ ಮಗುವಿಗೆ ಕೊಟ್ಟದ್ದು ತ್ಯಾಗ. ಮೊದಲೇ ಕಿತ್ತುಕೊಂಡಿದ್ದರೆ ಅದು ಬರೀ ಹಸಿವು. ತ್ಯಾಗ ಮನೆಯ ಧರ್ಮವಾದರೆ ಅದು ಸರದಿಯ ಮೇಲೆ ಬರಬೇಕು. ಎಲ್ಲ ಮನೆಗಳಲ್ಲೂ, ಎಲ್ಲ ಕಾಲದಲ್ಲೂ, ಒಬ್ಬರೇ ಹೊಂದಿಕೊಳ್ಳುತ್ತಿದ್ದರೆ ಅದನ್ನು ಹೊಂದಾಣಿಕೆ ಎನ್ನುವುದು ಭಾಷೆಗೂ ಮಾಡುವ ಅನ್ಯಾಯ. ನ್ಯಾಯ ಪ್ರೀತಿಗೆ ಅಡ್ಡಿಯಲ್ಲ, ಪ್ರೀತಿ ಕೈಕೊಟ್ಟಾಗ ಕೆಳಗೆ ಬೀಳದಂತೆ ಹಿಡಿಯುವ ನೆಲ ಎಂಬುದು ಓಕಿನ್ ಅವರ ಉತ್ತರದ ಸಾರ.

ರಾಜಿ ಪತ್ರ

ಕೊನೆಯದಾಗಿ ನಿಮ್ಮ ದಿನನಿತ್ಯದ ಕೆಲಸಕ್ಕೆ ಬರುತ್ತೇನೆ. 498ಎ ರಾಜಿಯಾಗದ ಕಲಮು. ಆದರೂ ಎರಡೂ ಕಡೆಯವರು ಒಪ್ಪಿದರೆ ಹೈಕೋರ್ಟು ಕೇಸು ರದ್ದು ಮಾಡಬಹುದು ಎಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರ ಜುಲೈಯಲ್ಲಿ, ಕಾಯಿದೆ ದುರ್ಬಳಕೆಯಾಗುತ್ತಿದೆ ಎಂಬ ಕಾರಣ ಕೊಟ್ಟು, ಪ್ರತಿ ದೂರೂ ಮೊದಲು ಕುಟುಂಬ ಕಲ್ಯಾಣ ಸಮಿತಿಗೆ ಹೋಗಬೇಕು ಎಂದಿತು. 2018ರ ಸೆಪ್ಟೆಂಬರಿನಲ್ಲಿ ದೊಡ್ಡ ಪೀಠ ಆ ಸಮಿತಿಗಳನ್ನು ತೆಗೆದುಹಾಕಿತು. 2022ರಲ್ಲಿ ಅಲಹಾಬಾದ್ ಹೈಕೋರ್ಟು ಅಂಥದೇ ಸಮಿತಿಗಳನ್ನೂ, ದೂರು ಕೊಟ್ಟ ಮೇಲೆ ಎರಡು ತಿಂಗಳ 'ತಣ್ಣಗಾಗುವ ಅವಧಿ'ಯನ್ನೂ ತಂದಿತು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಒಪ್ಪಿಗೆ ಕೊಟ್ಟಿತು. ತಣ್ಣಗಾಗಬೇಕಾದವರು ಯಾರು? ಆ ಎರಡು ತಿಂಗಳು ಅವಳು ಯಾರ ಮನೆಯಲ್ಲಿರುತ್ತಾಳೆ? ಸುಳ್ಳು ದೂರುಗಳು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎಲ್ಲ ಕಾನೂನಿನಲ್ಲೂ ಅವು ಇವೆ. ಆದರೆ ಕಳ್ಳತನದ ದೂರು ಕೊಟ್ಟವನಿಗೆ ಕಳ್ಳನ ಜೊತೆ ಎರಡು ತಿಂಗಳು ಮಾತಾಡಿಕೊಂಡು ಬಾ ಎಂದು ಯಾರೂ ಹೇಳುವುದಿಲ್ಲ.

ಕೋರ್ಟುಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಠಾಣೆಗಳಲ್ಲೂ ಜಾತಿ ಪಂಚಾಯಿತಿಗಳಲ್ಲೂ, ಕೆಲವೊಮ್ಮೆ ಮಹಿಳೆಯರೇ ನಡೆಸುವ ಕೇಂದ್ರಗಳಲ್ಲೂ, 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ಹೇಳಿ ರಾಜಿ ಬರೆಸುತ್ತಾರೆ. ನಾನು ರಾಜಿಯ ವಿರೋಧಿಯಲ್ಲ. ಗಂಡನ ಜೊತೆ ಬಾಳಬೇಕೆಂಬುದು ಅವಳ ನಿಜವಾದ ಆಸೆಯೇ ಆಗಿದ್ದರೆ ಅದನ್ನು ಗೌರವಿಸಬೇಕು. ಅದು ನಿಜವಾದ ಆಸೆಯೇ ಎಂದು ತಿಳಿಯಲು ರುಜು ಹಾಕಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿ.

ಒಂದು, ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿದ್ದೀರಾ? ಗಂಡ, ಅತ್ತೆ, ಅಪ್ಪ ಯಾರೂ ಕೋಣೆಯಲ್ಲಿ ಇರಬಾರದು. ಎರಡು, ಇವತ್ತು ರಾತ್ರಿ ಅವಳು ಗಂಡನ ಮನೆಗೆ ಹೋಗದಿದ್ದರೆ ಮಲಗಲು ಜಾಗ ಇದೆಯೇ? ಇಲ್ಲದಿದ್ದರೆ ಮೊದಲು ಜಾಗ ಹುಡುಕಿ, ರಾಜಿ ಆಮೇಲೆ. ಮೂರು, ರಾಜಿಯಲ್ಲಿ ಅವನು ಏನು ಮಾಡಬೇಕು ಎಂದು ಬರೆದಿದೆಯೇ? ಅವಳು ಎದುರಾಡಬಾರದು, ಅವಳು ತವರಿಗೆ ಹೇಳದೆ ಹೋಗಬಾರದು ಎಂದು ಅವಳ ಹೊಣೆಗಳೇ ತುಂಬಿದ ರಾಜಿ ಪತ್ರಗಳನ್ನು ನಾನು ಓದಿದ್ದೇನೆ. ಅವನ ಪಾಲಿಗೆ 'ಚೆನ್ನಾಗಿ ನೋಡಿಕೊಳ್ಳತಕ್ಕದ್ದು' ಎಂಬ ಒಂದು ಸಾಲು. ನಾಲ್ಕು, ಮಾತು ಮುರಿದರೆ ಅವಳು ಯಾರಿಗೆ ಹೇಳಬೇಕು, ಯಾರು ಹೋಗಿ ನೋಡಬೇಕು ಎಂದು ಗೊತ್ತಾಗಿದೆಯೇ? ತಿಂಗಳಿಗೊಮ್ಮೆಯಾದರೂ ನಮ್ಮವರೊಬ್ಬರು ಆ ಮನೆಯ ಬಾಗಿಲು ತಟ್ಟಬೇಕು.

ನಿಮ್ಮ ರಿಜಿಸ್ಟರಿನಲ್ಲಿ 'ಇಬ್ಬರೂ ಒಪ್ಪಿದ್ದಾರೆ' ಎಂದು ಬರೆಯುವ ಒಂದು ಅಂಕಣವಿದೆ. ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯಿರಿ ಎಂಬುದು ನನ್ನ ಕೋರಿಕೆ. ಅದರ ತಲೆಬರಹ ಹೀಗಿರಲಿ: 'ಬೇಡ ಎಂದಿದ್ದರೆ ಅವಳು ಎಲ್ಲಿಗೆ ಹೋಗಬಹುದಿತ್ತು?' ಆ ಅಂಕಣ ಖಾಲಿ ಇರುವ ಕೇಸುಗಳನ್ನು ಮುಗಿದ ಕೇಸು ಎಂದು ಕಟ್ಟಿಡಬೇಡಿ. ವರ್ಷದ ಕೊನೆಗೆ ಎಷ್ಟು ಖಾಲಿ ಉಳಿದಿವೆ ಎಂದು ಎಣಿಸಿ. ಆ ಸಂಖ್ಯೆಯನ್ನು ಹಿಡಿದು ತಾಲ್ಲೂಕಿಗೊಂದು ಆಶ್ರಯದ ಮನೆ, ಹೆಣ್ಣುಮಕ್ಕಳ ಹೆಸರಿಗೆ ಖಾತೆ, ಕೆಲಸ, ಕೂಲಿ ಎಂದು ಸರ್ಕಾರದ ಮುಂದೆ ಕೂರೋಣ. ಅವಳು ಬೇಡ ಎನ್ನಲು ಸಾಧ್ಯವಾದ ದಿನ ಅವಳು ಹೂಂ ಎಂದರೆ ಅದನ್ನು ನಾವೂ ನಂಬೋಣ.